ಅತ್ತೆಗೆ ಅಮೃತಬಳ್ಳಿ ಕಷಾಯ: ಮುಂದುವರಿಸಬೇಕೋ, ಬಿಡಬೇಕೋ?

ಪ್ರಶ್ನೆ: ವೈದ್ಯರಿಗೆ ನಮಸ್ಕಾರ. ನಮ್ಮದು ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ನಮ್ಮ ಅತ್ತಿಯವರಿಗೆ 61 ವರ್ಷ. ಆರು ವರ್ಷದಿಂದ ಸಕ್ಕರಿ ಕಾಯಿಲೆ ಐತಿ, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಕೂಡಿದ ಗುಳಿಗಿ ಎರಡು ಹೊತ್ತು ತಗೋತಾರ. ಮೊಣಕಾಲು ನೋವು ಭಾಳ. ಊರಾಗ ಹಿರಿಯರೊಬ್ಬರು ಹೇಳಿದರಂತ, ಹೊಲದಾಗಿನ ಬೇವಿನ ಗಿಡಕ್ಕ ಹಬ್ಬಿದ ಅಮೃತಬಳ್ಳಿ ಕಡದು ತಂದು ಐದು ತಿಂಗಳಿಂದ ದಿನಾ ಮುಂಜಾನೆ ಬರೀ ಹೊಟ್ಟಿಗೆ ಒಂದು ಲೋಟ ಕಷಾಯ ಕುಡೀತಾರ. ನೋವು ಸ್ವಲ್ಪ ಕಡಿಮಿ ಅಂತಾರ. ಆದ್ರ ಇತ್ತೀಚಿಗೆ ಹನ್ನೊಂದು ಗಂಟಿ ಸುಮಾರಿಗೆ ಕೈ ನಡುಗಿ, ಬೆವತು, ಕಣ್ಣಿಗೆ ಕತ್ತಲಿ ಬಂದಂಗ ಆಗ್ತೈತಿ. ಪಿತ್ತ ಅಂತ ಸುಮ್ಮನಿದ್ದೀವಿ. ಅಮೃತಬಳ್ಳಿಯಿಂದ ಲಿವರ್ ಕೆಡತೈತಿ ಅಂತ ಮಗ ಮೊಬೈಲ್‌ನಾಗ ಓದಿ ಹೇಳಿದ. ಮುಂದುವರಿಸೋದೋ, ಬಿಡೋದೋ? ಸಣ್ಣ ಮಕ್ಕಳಿಗೂ ಕೊಡಬಹುದಾ? ಜಾತ್ರ್ಯಾಗ ತಂದ ಮಂಡಿನೋವಿನ ಪುಡಿನೂ ಮನ್ಯಾಗೈತಿ, ಅದು ಹೆಂಗ?

ಉತ್ತರ: ತಂಗಿ, ಲಿವರ್ ಮಾತು ಆಮೇಲೆ. ಮೊದಲು ಹನ್ನೊಂದು ಗಂಟೆಯ ಆ ನಡುಕದ ವಿಷಯ. ಅದನ್ನು ಪಿತ್ತ ಎಂದು ಬಿಡಬೇಡಿ. ಕೈ ನಡುಗುವುದು, ತಣ್ಣನೆ ಬೆವರು, ಕಣ್ಣು ಕತ್ತಲೆ, ಎದೆ ಡವಡವ ಎನ್ನುವುದು, ಇವೆಲ್ಲ ರಕ್ತದಲ್ಲಿ ಸಕ್ಕರೆ ಅಂಶ ಇಳಿದಾಗ ಬರುವ ಲಕ್ಷಣ. ನಿಮ್ಮ ಅತ್ತೆಯವರು ನುಂಗುವ ಗುಳಿಗೆಯಲ್ಲಿ ಗ್ಲಿಮೆಪಿರೈಡ್ ಇದೆ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ನೋಡದೆ ಇನ್ಸುಲಿನ್ ಹೊರಡಿಸುವ ಔಷಧ ಅದು. ಅಮೃತಬಳ್ಳಿಗೂ ಸಕ್ಕರೆ ಇಳಿಸುವ ಗುಣ ಅಲ್ಪಸ್ವಲ್ಪ ಇದೆ. ಬರೀ ಹೊಟ್ಟೆಗೆ ಕಹಿ ಕಷಾಯ ಕುಡಿದ ಮೇಲೆ ತಿನ್ನಲು ಮನಸ್ಸಾಗದೆ ರೊಟ್ಟಿ ತಡವಾಗುತ್ತದೆ, ಗುಳಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಒಳಗೆ ಹೋಗಿರುತ್ತದೆ. ಮೂರೂ ಕೂಡಿದ ದಿನ ಹನ್ನೊಂದು ಗಂಟೆಗೆ ಕೈ ನಡುಗುತ್ತದೆ.

ಹಾಗಾಗಿ ನಾಳೆ ಬೆಳಿಗ್ಗೆಯಿಂದ ಕಷಾಯ ನಿಲ್ಲಿಸಿ. ಸಕ್ಕರೆ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಅದನ್ನು ಬರೆದುಕೊಟ್ಟ ಡಾಕ್ಟರಿಗೆ ಎರಡು ದಿನದೊಳಗೆ ಈ ಸಂಗತಿ ಮುಟ್ಟಿಸಿ, ಪ್ರಮಾಣ ತಗ್ಗಿಸಬೇಕೇನೋ ಅವರೇ ನೋಡಲಿ. ಮನೆಯಲ್ಲಿ ಸಕ್ಕರೆ ನೋಡುವ ಸಣ್ಣ ಯಂತ್ರ ಇದ್ದರೆ ನಡುಕ ಬಂದಾಗಲೇ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಕಡಿಮೆ ಇದ್ದರೆ ಮತ್ತೆ ಕುಡಿಸಿ, ಚೇತರಿಸಿಕೊಂಡ ಕೂಡಲೇ ಊಟ ಮಾಡಿಸಿ. ಯಂತ್ರ ಇಲ್ಲದಿದ್ದರೂ ಸಕ್ಕರೆ ನೀರು ಕೊಡಲು ಹಿಂದೆಮುಂದೆ ನೋಡಬೇಡಿ. ಮಾತು ತೊದಲಿದರೆ, ಕರೆದರೆ ಓಗೊಡದಿದ್ದರೆ ಬಾಯಿಗೆ ಏನೂ ಹಾಕದೆ ಸೀದಾ ದವಾಖಾನೆಗೆ ಕರೆದೊಯ್ಯಿರಿ. ಈ ಗುಳಿಗೆಯಿಂದ ಇಳಿದ ಸಕ್ಕರೆ ಒಮ್ಮೆ ಏರಿ ಮತ್ತೆ ಇಳಿಯುವುದುಂಟು, ಆದ್ದರಿಂದ ಆ ಇಡೀ ದಿನ ಅತ್ತೆಯವರ ಜೊತೆ ಯಾರಾದರೂ ಇರಬೇಕು.

ಇನ್ನು ಬಳ್ಳಿಯ ವಿಷಯ. ನಾನು ಆಯುರ್ವೇದ ಓದಿದವನು. ಅಮೃತಬಳ್ಳಿಯನ್ನು ನನ್ನ ದವಾಖಾನೆಯಲ್ಲಿ ಇಷ್ಟು ವರ್ಷ ಕೊಟ್ಟಿದ್ದೇನೆ, ಇಂದಿಗೂ ಕೊಡುತ್ತೇನೆ. ಅದರ ಮೇಲೆ ನನಗೆ ಅಪಾರ ಪ್ರೀತಿ. ನಮ್ಮ ಶಾಸ್ತ್ರದಲ್ಲಿ ಅದು ಗುಡೂಚಿ, ಅಮೃತಾ. ತುಂಡು ಮಾಡಿ ಎಸೆದರೂ ಮತ್ತೆ ಚಿಗುರುತ್ತದೆಂದು ಛಿನ್ನರುಹಾ. ರಾಯಚೂರು, ಬಳ್ಳಾರಿ ಕಡೆ ತೆಲುಗು ಆಡುವ ಮನೆಗಳಲ್ಲಿ ತಿಪ್ಪತೀಗ ಎನ್ನುತ್ತಾರೆ. ರಾವಣ ವಧೆಯಾದ ಮೇಲೆ ಸತ್ತ ಕಪಿಗಳನ್ನು ಬದುಕಿಸಲು ಇಂದ್ರ ಅಮೃತದ ಮಳೆ ಸುರಿಸಿದನೆಂದೂ, ಕಪಿಗಳ ಮೈಯಿಂದ ಹನಿ ಬಿದ್ದಲ್ಲೆಲ್ಲ ಈ ಬಳ್ಳಿ ಹುಟ್ಟಿತೆಂದೂ ಭಾವಪ್ರಕಾಶ ಎಂಬ ವೈದ್ಯಗ್ರಂಥದಲ್ಲಿ ಕಥೆ ಇದೆ. ಆನೆಗುಂದಿಯ ಬೆಟ್ಟಸಾಲನ್ನೇ ಕಿಷ್ಕಿಂಧೆ ಎಂದು ನಂಬಿ ಬೆಳೆದ ನಮ್ಮ ಜಿಲ್ಲೆಯವರಿಗೆ ಆ ಕಪಿಗಳು ನಮ್ಮೂರಿನವೇ. ಈ ಬಳ್ಳಿಯ ಬಗ್ಗೆ ನಮ್ಮ ಜನಕ್ಕಿರುವ ಸಲುಗೆ ನೋಡಿದಾಗಲೆಲ್ಲ ನನಗೆ ಆ ಕಥೆ ನೆನಪಾಗುತ್ತದೆ.

ತೊಂದರೆ ಶುರುವಾಗುವುದೂ ಆ ಸಲುಗೆಯಲ್ಲೇ. ಚಹಾ ಕುಡಿದಂತೆ ದಿನವೂ, ಕೊನೆ ಎಂಬುದಿಲ್ಲದೆ ಕುಡಿಯುವ ರೂಢಿ ನಮ್ಮ ಹಿರಿಯ ವೈದ್ಯರಲ್ಲಿ ಇರಲಿಲ್ಲ. ಯಾವ ರೋಗಕ್ಕೆ, ಯಾವುದರ ಜೊತೆ, ಎಷ್ಟು ದಿನ ಎಂದು ಕೇಳಿಯೇ ಕೊಡುತ್ತಿದ್ದರು. ಗಿಡಮೂಲಿಕೆಗಳ ಗುಣ ಹೇಳುವ ನಮ್ಮ ನಿಘಂಟಿನಲ್ಲಿ ಒಂದು ಚಂದದ ಶ್ಲೋಕವಿದೆ. ಗುಡೂಚಿ ತುಪ್ಪದ ಜೊತೆ ವಾತಕ್ಕೆ, ಬೆಲ್ಲದ ಜೊತೆ ಮಲಬದ್ಧತೆಗೆ, ಸಕ್ಕರೆಯ ಜೊತೆ ಪಿತ್ತಕ್ಕೆ, ಜೇನಿನ ಜೊತೆ ಕಫಕ್ಕೆ, ಔಡಲೆಣ್ಣೆಯ ಜೊತೆ ವಾತರಕ್ತಕ್ಕೆ, ಒಣಶುಂಠಿಯ ಜೊತೆ ಕೀಲು ಊದಿ ಬಿಗಿಯುವ ಆಮವಾತಕ್ಕೆ ಎಂದು. ಬಳ್ಳಿ ಒಂದೇ, ಜೊತೆಗಾರ ಬದಲಾದರೆ ಕೆಲಸ ಬದಲಾಗುತ್ತದೆ. ‘ಎಲ್ಲದಕ್ಕೂ ಒಳ್ಳೇದು, ಕುಡೀರಿ’ ಎಂಬ ಮಾತು ಇದರಲ್ಲೆಲ್ಲೂ ಇಲ್ಲ. ಔಷಧವಾದರೂ ತಪ್ಪಾಗಿ ಬಳಸಿದರೆ ತೀಕ್ಷ್ಣ ವಿಷವಾಗುತ್ತದೆಂದು ಚರಕ ಸಂಹಿತೆಯ ಮೊದಲ ಅಧ್ಯಾಯದಲ್ಲೇ ಹೇಳಿದೆ. ನಾವು ಓದುವಾಗ ಅದನ್ನು ಬಾಯಿಪಾಠ ಮಾಡುತ್ತಿದ್ದೆವು.

ಹಾಗಾದರೆ ಅದರಿಂದ ಆಗುವ ಉಪಯೋಗವೇನು? ಹಳೆಯ ಜ್ವರ, ಅಂದರೆ ಬಂದು ಹೋಗಿ ಮೈಯಲ್ಲೇ ಕುಳಿತಂತಿರುವ ಜ್ವರ, ಜ್ವರ ಬಿಟ್ಟ ಮೇಲೂ ಹಸಿವಿಲ್ಲದೆ ಬಾಯಿ ರುಚಿ ಕೆಟ್ಟಿರುವ ಸ್ಥಿತಿ, ಹೆಬ್ಬೆರಳ ಬುಡ ಕೆಂಪಾಗಿ ಊದಿ ಮುಟ್ಟಿಸಿಕೊಳ್ಳದ ವಾತರಕ್ತ, ಕೆಲವು ಚರ್ಮರೋಗ. ಇವು ನಮ್ಮ ಗ್ರಂಥಗಳಲ್ಲಿ ಅದಕ್ಕೆ ಹೇಳಿದ ಮುಖ್ಯ ಕ್ಷೇತ್ರಗಳು. 2006ರಲ್ಲಿ ಚಿಕೂನ್‌ಗುನ್ಯಾ ಬಂದು ನಮ್ಮ ರಾಯಚೂರು, ಕೊಪ್ಪಳ ಸೀಮೆಯ ಊರಿಗೆ ಊರೇ ಬಗ್ಗಿ ನಡೆಯುತ್ತಿದ್ದುದು ನಿಮಗೆ ನೆನಪಿರಬಹುದು. ನಾನು ಆಗಿನ್ನೂ ಹೊಸದಾಗಿ ದವಾಖಾನೆ ತೆರೆದಿದ್ದೆ. ಜ್ವರ ಬಿಟ್ಟರೂ ಕೀಲು ಬಿಡದ ಎಷ್ಟೋ ಜನಕ್ಕೆ ಒಣಶುಂಠಿ ಸೇರಿಸಿದ ಅಮೃತಬಳ್ಳಿ ಕಷಾಯ ಎರಡು ಮೂರು ವಾರ ಕೊಟ್ಟೆ. ಹಲವರು ಸುಧಾರಿಸಿದರು. ಕಷಾಯದಿಂದಲೋ, ದಿನ ಕಳೆದದ್ದರಿಂದಲೋ ಎಂದು ಇಂದು ಕೇಳಿದರೆ ಎರಡೂ ಇರಬೇಕು ಎನ್ನುತ್ತೇನೆ. ಆ ವರ್ಷ ನಮ್ಮೂರ ಸುತ್ತಿನ ಬೇವಿನ ಮರಗಳೆಲ್ಲ ಬೋಳಾಗಿದ್ದವು. ಬಳ್ಳಿ ಸಿಗದೆ ಜನ ಬೇಲಿಯಲ್ಲಿ ಕಂಡದ್ದನ್ನೆಲ್ಲ ಕಡಿದು ತರುತ್ತಿದ್ದರು.

ಈಗಿನ ವಿಧಾನದ ಪರೀಕ್ಷೆಗಳೂ ಕೆಲವು ನಡೆದಿವೆ. 2005ರಲ್ಲಿ ಪ್ರಕಟವಾದ ನಾಗಪುರದ ಒಂದು ಅಧ್ಯಯನದಲ್ಲಿ ಅಲರ್ಜಿಯಿಂದ ಸೀನು, ಮೂಗು ಸೋರುವ 75 ಜನರನ್ನು ಎಂಟು ವಾರ ನೋಡಿದರು, ಬಳ್ಳಿಯ ಸಾರ ತೆಗೆದುಕೊಂಡವರಿಗೆ ಚೆನ್ನಾಗಿಯೇ ಆರಾಮಾಯಿತು. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಧೂಳಿನಲ್ಲಿ ದುಡಿದು ಸೀನುತ್ತ ಬರುವವರಿಗೆ ನಾನು ಇದನ್ನು ಬಳಸುವುದುಂಟು. ಆದರೆ 75 ಜನರ ಒಂದು ಪರೀಕ್ಷೆಯ ಬಲದ ಮೇಲೆ ದೊಡ್ಡ ಮಾತು ಆಡಲಾರೆ.

ಮೊಣಕಾಲಿಗೆ ಬರೋಣ, ನಿಮಗೆ ಬೇಕಾದದ್ದು ಅದೇ. ಪುಣೆಯ ವೈದ್ಯರ ನೇತೃತ್ವದಲ್ಲಿ ಮಂಡಿ ಸವೆತದ 440 ರೋಗಿಗಳ ಮೇಲೆ 24 ವಾರ ನಡೆದ ಪರೀಕ್ಷೆಯೊಂದರ ಫಲಿತಾಂಶ 2013ರಲ್ಲಿ ಹೊರಬಂತು. ಒಣಶುಂಠಿ, ಅಮೃತಬಳ್ಳಿ, ನೆಲ್ಲಿಕಾಯಿಗಳ ಸಾರಕ್ಕೆ ಗುಗ್ಗುಳ ಅಥವಾ ಶಲ್ಲಕಿ ಎಂಬ ಮರದಂಟು ಸೇರಿಸಿದ ಔಷಧವನ್ನು ಸೆಲೆಕಾಕ್ಸಿಬ್ ಎಂಬ ನೋವಿನ ಗುಳಿಗೆಯ ಎದುರಿಗೂ, ಕೀಲಿಗೆಂದು ಕೊಡುವ ಗ್ಲುಕೋಸಮೈನ್ ಎದುರಿಗೂ ಇಟ್ಟು ನೋಡಿದರು. ನೋವು, ನಡಿಗೆ ಎರಡರಲ್ಲೂ ಆಯುರ್ವೇದದ ಔಷಧ ಅವಕ್ಕೆ ಸಮನಾಗಿ ನಿಂತಿತು. ನಮ್ಮವರು ಇಷ್ಟನ್ನು ಹೆಮ್ಮೆಯಿಂದ ಹೇಳುತ್ತಾರೆ, ನಾನೂ ಹೇಳುತ್ತೇನೆ. ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ದಾಖಲಾಗಿದೆ: ಆಯುರ್ವೇದ ಔಷಧ ತೆಗೆದುಕೊಳ್ಳುತ್ತಿದ್ದ ಏಳು ಜನರಿಗೆ ಯಾವ ಲಕ್ಷಣವೂ ಕಾಣದೆ ರಕ್ತದಲ್ಲಿ ಎಸ್‌ಜಿಪಿಟಿ ಏರಿತ್ತು. ಎಸ್‌ಜಿಪಿಟಿ ಅಂದರೆ ಯಕೃತ್ತಿನ ಜೀವಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವ. ಔಷಧ ನಿಲ್ಲಿಸಿದ ಮೇಲೆ ಮೊದಲಿನ ಮಟ್ಟಕ್ಕೆ ಇಳಿಯಿತು. ರಕ್ತ ಪರೀಕ್ಷೆ ಮಾಡುತ್ತಿದ್ದರು, ಗೊತ್ತಾಯಿತು. ನಿಮ್ಮ ಅತ್ತೆಯವರು ಐದು ತಿಂಗಳಿಂದ ಕುಡಿಯುತ್ತಿದ್ದಾರೆ, ಒಮ್ಮೆಯೂ ಪರೀಕ್ಷೆ ಆಗಿಲ್ಲ.

ಮಗ ಓದಿ ಹೇಳಿದ್ದು ಸುಳ್ಳಲ್ಲ ತಂಗಿ. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರ್‌ನಲ್ಲಿ ಆಯುಷ್ ಸಚಿವಾಲಯ ಹೊರಡಿಸಿದ ಕೈಪಿಡಿಯಲ್ಲಿ ಗುಡೂಚಿ ಘನವಟಿ, ಅಂದರೆ ಈ ಬಳ್ಳಿಯ ಸಾರ ಗಟ್ಟಿಮಾಡಿದ ಗುಳಿಗೆ, 500 ಮಿ.ಗ್ರಾಂ ದಿನಕ್ಕೆರಡು ಸಲ ಎಂದಿತ್ತು. ಅದು ನಿಗದಿತ ಪ್ರಮಾಣದ ಮಾತು. ಮನೆಮನೆಯಲ್ಲಿ ಅದು ದಿನವೂ ಲೋಟ ತುಂಬ ಕಷಾಯವಾಯಿತು, ತಿಂಗಳುಗಟ್ಟಲೆ ನಡೆಯಿತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಂಬೈನ ಯಕೃತ್ ತಜ್ಞರ ಬಳಿ ಲಿವರಿಗೆ ಪೆಟ್ಟಾಗಿ ಬಂದ ಆರು ರೋಗಿಗಳು ಈ ಬಳ್ಳಿಯನ್ನು ಕುಡಿಯುತ್ತಿದ್ದವರು. ಆ ತಜ್ಞರು ಅದನ್ನು 2021ರಲ್ಲಿ ವರದಿ ಮಾಡಿದರು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ ಅಂಥ 43 ರೋಗಿಗಳ ವಿವರ ಒಟ್ಟುಗೂಡಿ ಪ್ರಕಟವಾಯಿತು. ಇವರಲ್ಲಿ ಬಹಳ ಮಂದಿಯಲ್ಲಿ ಕಂಡದ್ದು ದೇಹದ ರಕ್ಷಣಾಪಡೆ ತನ್ನದೇ ಯಕೃತ್ತಿನ ಮೇಲೆ ತಿರುಗಿಬಿದ್ದ ಚಿಹ್ನೆ. ಈ ಬಳ್ಳಿಗೆ ಆ ರಕ್ಷಣಾಪಡೆಯನ್ನು ಬಡಿದೆಬ್ಬಿಸುವ ಶಕ್ತಿ ಇದೆಯೆಂದೇ ನಾವು ಅದನ್ನು ಹೊಗಳುವುದು. ಅದು ಮೊದಲೇ ದಾರಿ ತಪ್ಪಿದವರಲ್ಲಿ ಬಡಿದೆಬ್ಬಿಸಿದರೆ ಏನಾದೀತು ಎಂದು ಯೋಚಿಸಬೇಕಿತ್ತು.

ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ರೋಗಿಗಳು ಕುಡಿದದ್ದು ಅಮೃತಬಳ್ಳಿಯೇ ಅಲ್ಲದೆ ಅದನ್ನು ಹೋಲುವ ಟೈನೋಸ್ಪೋರಾ ಕ್ರಿಸ್ಪಾ ಎಂಬ ಇನ್ನೊಂದು ಬಳ್ಳಿಯಾಗಿರಬಹುದು ಎಂದಿತು. ನನ್ನ ಜೊತೆಯ ವೈದ್ಯರು ಅನೇಕರು ಅದನ್ನೇ ಹೇಳುತ್ತಾರೆ. ಬಳ್ಳಿ ತಪ್ಪುವುದು ನಿಜವಾದ ಸಮಸ್ಯೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಅದೊಂದೇ ಕಾರಣ ಎಂದು ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ತುಂಗಭದ್ರೆಯ ದಂಡೆಯ ಒಂದೂರಿನ ಐವತ್ತರ ಹೆಣ್ಣುಮಗಳೊಬ್ಬಳು ನನ್ನಲ್ಲಿಗೆ ಬಂದಿದ್ದಳು. ಹಿತ್ತಿಲ ಬಳ್ಳಿಯನ್ನೇ ಎಂಟು ತಿಂಗಳು ಕುಡಿದಿದ್ದಳು, ಮನೆಯವರು ತಂದು ತೋರಿಸಿದ ತುಂಡು ಅಪ್ಪಟ ಅಮೃತಬಳ್ಳಿಯೇ. ಕಣ್ಣಿನ ಬಿಳಿ ಅರಿಶಿನ ಸವರಿದಂತೆ ಆಗಿತ್ತು. ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಿದೆ. ಕಷಾಯ ನಿಂತಿತು, ಅಲ್ಲಿನ ಚಿಕಿತ್ಸೆ ನಡೆಯಿತು, ಎರಡೂವರೆ ತಿಂಗಳಲ್ಲಿ ಸರಿಹೋದಳು. ಅವಳಿಗೆ ಮೊದಲಿಂದಲೂ ಥೈರಾಯ್ಡ್ ತೊಂದರೆ ಇತ್ತು, ಯಾರೂ ಕೇಳಿರಲಿಲ್ಲ. ಕಾಮಾಲೆಗೆ ಗುಡೂಚಿಯ ರಸವನ್ನು ಜೇನಿನ ಜೊತೆ ಬೆಳಿಗ್ಗೆ ಕುಡಿಯಬೇಕೆಂದು ಚರಕ ಸಂಹಿತೆಯಲ್ಲೇ ಓದಿದವನು ನಾನು. ಅದೇ ಬಳ್ಳಿಯ ಕಾರಣಕ್ಕೆ ಕಾಮಾಲೆಯಾದವಳು ನನ್ನೆದುರು ಕುಳಿತಿದ್ದಳು. ಆ ದಿನದಿಂದ ಬಂದವರೆಲ್ಲರಿಗೂ ಮೊದಲು ಥೈರಾಯ್ಡ್, ಸಂಧಿವಾತ, ಸೋರಿಯಾಸಿಸ್, ಲೂಪಸ್, ಹೀಗೆ ರಕ್ಷಣಾಪಡೆ ದಾರಿ ತಪ್ಪಿ ಬರಬಹುದಾದ ರೋಗ ಇದೆಯಾ, ಮನೆಯಲ್ಲಿ ಯಾರಿಗಾದರೂ ಇದೆಯಾ ಎಂದು ಕೇಳಿಯೇ ಈ ಬಳ್ಳಿಯ ಮಾತೆತ್ತುತ್ತೇನೆ. ಇದ್ದವರಿಗೆ ಕೊಡುವುದಿಲ್ಲ. ಕಿಡ್ನಿ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಗುಳಿಗೆ ನುಂಗುವವರಂತೂ ಇದರ ಹತ್ತಿರ ಸುಳಿಯಬಾರದು.

ಅತ್ತೆಯವರಿಗೆ ಈಗ ಲಿವರ್ ಪರೀಕ್ಷೆ ಮಾಡಿಸಿ, ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಎಸ್‌ಜಿಪಿಟಿ ಹೆಚ್ಚುಕಡಿಮೆ 40ರೊಳಗೆ ಇದ್ದರೆ ಸಮಾಧಾನ. ಮೂರು ಪಟ್ಟು ಏರಿದ್ದರೆ, ಇಲ್ಲವೆ ಕಾಮಾಲೆಯಲ್ಲಿ ಹೆಚ್ಚುವ ಹಳದಿ ಅಂಶ ಬಿಲಿರುಬಿನ್ ಏರಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ, ಐದು ತಿಂಗಳು ಏನೇನು ಕುಡಿದರೆಂದು ಮುಚ್ಚಿಡದೆ ಹೇಳಿ. ಇಂಗ್ಲಿಷ್ ಡಾಕ್ಟರ್ ಬೈದಾರು ಎಂದು ಹೆದರಿ ನಾಟಿ ಔಷಧದ ಸುದ್ದಿ ಬಚ್ಚಿಡುವ ಚಾಳಿಯಿಂದ ನಮ್ಮ ಕಡೆ ಎಷ್ಟೋ ರೋಗ ತಡವಾಗಿ ಗೊತ್ತಾಗುತ್ತದೆ. ಪರೀಕ್ಷೆಗೆ ಮೊದಲೇ ಮೂತ್ರ ಕಡುಹಳದಿಯಾದರೆ, ಊಟ ಕಂಡರೆ ವಾಕರಿಕೆ ಬಂದರೆ, ಮೈ ತುರಿಸಿದರೆ ಆ ದಿನವೇ ಹೋಗಿ.

ನಿಮ್ಮ ತಾಲೂಕಿನ ಹೆಸರು ಓದಿದ ಕೂಡಲೇ ನನಗೆ ಇನ್ನೊಂದು ಸಂಶಯ ಬಂತು. ಕಷಾಯಕ್ಕೆ ಯಾವ ನೀರು ಹಾಕುತ್ತೀರಿ? ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆದೀತು ಎಂಬುದು ನಮ್ಮ ದೇಶದ ಮಾನದಂಡ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಅದು ತಳದಲ್ಲೇ ಉಳಿಯುತ್ತದೆ. ನಾಲ್ಕು ಲೋಟ ನೀರನ್ನು ಒಂದು ಲೋಟಕ್ಕೆ ಇಳಿಸಿದರೆ ನಾಲ್ಕು ಲೋಟದ ಫ್ಲೋರೈಡ್ ಆ ಒಂದು ಲೋಟದಲ್ಲಿ ಕೂತಿರುತ್ತದೆ. ವರ್ಷಗಟ್ಟಲೆ ಅಂಥ ನೀರು ಕುಡಿದವರಿಗೆ ಕೀಲು ಬಿಗಿಯುವುದು, ಸೊಂಟ ಬಗ್ಗದಿರುವುದು, ಮೂಳೆ ನೋಯುವುದು ಶುರುವಾಗುತ್ತದೆ. ಮೊಣಕಾಲು ನೋವಿಗೆ ಕುಡಿಯುವ ಕಷಾಯವೇ ಮೊಣಕಾಲಿಗೆ ಮುಳುವಾಗಬಾರದಲ್ಲ. ನಿಮ್ಮ ಮಕ್ಕಳ ಹಲ್ಲು ನೋಡಿ. ಮುಂದಿನ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಪಟ್ಟೆ, ಕಂದು ಕಲೆ ಇದ್ದರೆ ನೀರಿನ ಮೇಲೆ ಸಂಶಯ ಗಟ್ಟಿ. ಪಂಚಾಯಿತಿಗೆ ಹೇಳಿ ನೀರಿನ ಪರೀಕ್ಷೆ ಮಾಡಿಸಿ, ಕುಡಿಯಲಿಕ್ಕೂ ಅಡುಗೆಗೂ ಕಷಾಯಕ್ಕೂ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಅತ್ತೆಯವರ ನೋವು ಬರೀ ಮಂಡಿಯಲ್ಲಿದೆಯೋ, ಕುತ್ತಿಗೆ ಸೊಂಟ ಕೂಡ ಬಿಗಿದಿವೆಯೋ ಎಂಬುದನ್ನೂ ಡಾಕ್ಟರಿಗೆ ಹೇಳಿ.

ಇನ್ನು ಬಳ್ಳಿ ಗುರುತಿಸುವುದು. ಬೇವಿನ ಮರದ ಮೇಲಿದ್ದ ಮಾತ್ರಕ್ಕೆ ಅಮೃತಬಳ್ಳಿ ಆಗುವುದಿಲ್ಲ. ಅದು ಬಂದಣಿಕೆಯಂತೆ ಮರದ ರಸ ಹೀರುವುದಲ್ಲ, ಬೇರು ನೆಲದಲ್ಲೇ ಇರುತ್ತದೆ, ಮರ ಬರೀ ಆಸರೆ. ಬೇವಿನ ಮೇಲಿನದು ಉತ್ತಮ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ನಾನೂ ಸಿಕ್ಕರೆ ಅದನ್ನೇ ಆರಿಸುತ್ತೇನೆ. ಕಾಸರಕದಂಥ ವಿಷದ ಮರಕ್ಕೆ ಹಬ್ಬಿದ್ದನ್ನು ಮುಟ್ಟುವುದಿಲ್ಲ. ಬೆರಳು ದಪ್ಪದ ಕಾಂಡ ತೆಗೆದುಕೊಂಡು ಉಗುರಿನಿಂದ ಕೆರೆಯಿರಿ. ಮೇಲಿನ ಕಂದು ಸಿಪ್ಪೆ ಈರುಳ್ಳಿ ಪೊರೆಯಂತೆ ತೆಳ್ಳಗೆ ಸುಲಿದು ಒಳಗೆ ಹಸಿರು ಕಾಣಬೇಕು. ಅಡ್ಡಕ್ಕೆ ಕೊಯ್ದರೆ ಬಂಡಿ ಗಾಲಿಯ ಅರಗಳಂತೆ ನಡುವಿನಿಂದ ಅಂಚಿಗೆ ಗೆರೆಗಳು ಹರಡಿರಬೇಕು. ಅದಕ್ಕೇ ಸಂಸ್ಕೃತದಲ್ಲಿ ಇದಕ್ಕೆ ಚಕ್ರಲಕ್ಷಣಾ ಎಂಬ ಹೆಸರೂ ಉಂಟು. ಕೊಯ್ದ ಮುಖ ಬೆರಳಿಗೆ ಅಂಟಂಟಾಗುತ್ತದೆ, ನಾಲಿಗೆಗೆ ಕಹಿ. ಹಾಲು ಬಂದರೆ ಅದು ಬೇರೆ ಬಳ್ಳಿ, ಎಸೆಯಿರಿ. ಎಲೆ ವೀಳ್ಯದೆಲೆಯ ಆಕಾರದಲ್ಲಿ ನುಣುಪಾಗಿರುತ್ತದೆ. ಎಲೆಯ ಕೆಳಗೆ ಮೃದುವಾದ ರೋಮ ಕೈಗೆ ಹತ್ತಿದರೆ ಅದು ಇದರ ದಾಯಾದಿ, ಬೇಡ. ಕಾಂಡದ ಮೇಲೆ ಸಣ್ಣ ಚುಕ್ಕೆಗಂಟು ಇದರಲ್ಲೂ ಇರುತ್ತವೆ. ಮೈತುಂಬ ದಪ್ಪ ದಪ್ಪ ನರುಲಿ ಎದ್ದಂತಿದ್ದರೆ ಅದು ಕ್ರಿಸ್ಪಾ ಇರಬಹುದು, ಅದೂ ಬೇಡ. ಸಂಶಯ ಬಂದರೆ ಎಲೆ, ಕಾಂಡ, ನೇತಾಡುವ ದಾರದಂಥ ಬೇರು ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಬಳ್ಳಾರಿಯ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿಗೆ ಒಯ್ಯಿರಿ, ಗಿಡಮೂಲಿಕೆಗಳ ಪಾಠ ಹೇಳುವ ದ್ರವ್ಯಗುಣ ವಿಭಾಗದಲ್ಲಿ ನೋಡಿ ಹೇಳುತ್ತಾರೆ.

ಎಲ್ಲಿಂದ ಕಡಿಯುತ್ತೀರಿ ಎಂಬುದೂ ಮುಖ್ಯ. ಹತ್ತಿ, ಮೆಣಸಿನಕಾಯಿ, ಭತ್ತದ ಹೊಲದ ಬದುವಿನಲ್ಲಿದ್ದರೆ ಬೆಳೆಗೆ ಹೊಡೆದ ಎಣ್ಣೆ ಬಳ್ಳಿಯ ಮೇಲೂ ಬಿದ್ದಿರುತ್ತದೆ. ತೊಳೆದರೆ ಎಲ್ಲ ಹೋಗುತ್ತದೆಂದು ತಿಳಿಯಬೇಡಿ. ಸಂಡೂರಿನ ಅದಿರು ಲಾರಿಗಳು ಓಡಾಡುವ ರಸ್ತೆ ಬದಿಯಲ್ಲಿ ಕೆಂಪು ಧೂಳು ಮೆತ್ತಿಕೊಂಡ ಬಳ್ಳಿ ಕಡಿದು ತಂದವರನ್ನೂ ನೋಡಿದ್ದೇನೆ. ಮನೆಯ ಹಿತ್ತಿಲಲ್ಲಿ ಒಂದು ತುಂಡು ನೆಟ್ಟರೆ ಈ ಎಲ್ಲ ಚಿಂತೆ ಇಲ್ಲ.

ಜಾತ್ರೆಯ ಪುಡಿಯ ಬಗ್ಗೆ ಒಂದೇ ಮಾತು. ಡಬ್ಬಿಯ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಒಳಗೇನಿದೆ ಎಂಬುದು ಇಲ್ಲದಿದ್ದರೆ ಬಳಸಬೇಡಿ. ಮಂಡಿನೋವಿನ ಪುಡಿ ನುಂಗಿ ಎರಡೇ ದಿನಕ್ಕೆ ನೋವು ಮಾಯವಾಯಿತು, ಹಸಿವು ಹೆಚ್ಚಿತು, ಮುಖ ದುಂಡಗಾಯಿತು ಎಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಂಶಯ. ಸಕ್ಕರೆ ಕಾಯಿಲೆಯವರಿಗೆ ಅದು ಇನ್ನೂ ಕೆಟ್ಟದ್ದು. ಅತ್ತೆಯವರು ಈಗಾಗಲೇ ವಾರಗಟ್ಟಲೆ ನುಂಗಿದ್ದರೆ ಪುಡಿಯನ್ನು ಡಾಕ್ಟರಿಗೆ ಒಯ್ದು ತೋರಿಸಿ, ಅವರನ್ನು ಕೇಳಿಯೇ ಬಿಡಿ. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದರಲ್ಲೂ ಅಪಾಯವಿದೆ.

ಮಕ್ಕಳಿಗೆ ಬೇಡ. ಶಕ್ತಿ ಬರಲೆಂದು ಆರೋಗ್ಯವಾಗಿರುವ ಕೂಸಿಗೆ ದಿನಾ ಕಹಿ ಕುಡಿಸುವುದಕ್ಕೆ ಕಾರಣವಿಲ್ಲ. ಬಸುರಿ, ಬಾಣಂತಿಯರಿಗೂ ಮನೆಯಲ್ಲೇ ಕೊಡಬೇಡಿ. ಯಾರಿಗಾದರೂ ಜ್ವರ ಬಂದರೆ ಡೆಂಗಿಯೋ ಬೇರೆಯೋ ಎಂದು ರಕ್ತ ನೋಡಿಸುವುದು ಮೊದಲು, ಕಷಾಯ ಇಟ್ಟುಕೊಂಡು ಕಾಯಬೇಡಿ.

ಅತ್ತೆಯವರಿಗೆ ಮುಂದೇನು? ಲಿವರ್ ಸರಿ ಇದೆ, ಥೈರಾಯ್ಡ್ ಸಂಧಿವಾತ ಇಲ್ಲ, ಸಕ್ಕರೆ ಗುಳಿಗೆಯ ಪ್ರಮಾಣವನ್ನು ಡಾಕ್ಟರ್ ಹೊಂದಿಸಿ ನಡುಕ ನಿಂತಿದೆ, ಕಷಾಯದ ವಿಷಯ ಅವರಿಗೂ ಗೊತ್ತಿದೆ ಎಂದಾದರೆ, ತಿಂಗಳು ಬಿಟ್ಟು ಮತ್ತೆ ಆರಂಭಿಸಬಹುದು. ಪ್ರಮಾಣ ಹೀಗೆ: ಬೆರಳು ದಪ್ಪದ ಗೇಣುದ್ದ ಹಸಿ ಕಾಂಡ, ಸುಮಾರು 20 ಗ್ರಾಂ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿಕೊಂಡರೆ ಕಣ್ಣಳತೆ ಬರುತ್ತದೆ. ಮೇಲಿನ ಪೊರೆ ತೆಗೆದು, ಕಲ್ಲಿನಲ್ಲಿ ಜಜ್ಜಿ, ಕಾಲು ಚಮಚ ಒಣಶುಂಠಿ ಪುಡಿ ಸೇರಿಸಿ, 320 ಮಿ.ಲೀ. ನೀರಿಗೆ ಹಾಕಿ ಮುಚ್ಚಳ ತೆರೆದೇ ಸಣ್ಣ ಉರಿಯಲ್ಲಿ 80 ಮಿ.ಲೀ.ಗೆ ಇಳಿಸಿ. ಸ್ಟೀಲ್ ಇಲ್ಲವೆ ಮಣ್ಣಿನ ಪಾತ್ರೆ ಇರಲಿ. ಅದನ್ನು ಎರಡು ಪಾಲು ಮಾಡಿ, ಮುಂಜಾನೆ ರೊಟ್ಟಿ ತಿಂದ ಮೇಲೆ ಒಂದು, ರಾತ್ರಿ ಊಟವಾದ ಮೇಲೆ ಒಂದು. ನೀವು ಬರೆದ ‘ಒಂದು ಲೋಟ’ ಇದರ ಎರಡು ಮೂರು ಪಟ್ಟು ಆಗುತ್ತದೆ. ಶ್ಲೋಕದಲ್ಲಿ ಬೆಲ್ಲ, ಜೇನು ಇವೆ ಎಂದು ಸಕ್ಕರೆ ಕಾಯಿಲೆಯವರು ಬೆರೆಸಬಾರದು. ಮೊದಲ ವಾರ ಹನ್ನೊಂದು ಗಂಟೆಗೆ ಬೆರಳು ಚುಚ್ಚಿ ಸಕ್ಕರೆ ನೋಡಿ. ಆರು ವಾರಕ್ಕೆ ನಿಲ್ಲಿಸಿ, ಲಿವರ್ ಪರೀಕ್ಷೆ ಮತ್ತೊಮ್ಮೆ. ಆರು ವಾರ ಎಂಬುದು ಗ್ರಂಥದ ಲೆಕ್ಕವಲ್ಲ, ಆ ಹೆಣ್ಣುಮಗಳನ್ನು ನೋಡಿದ ಮೇಲೆ ನಾನು ಹಾಕಿಕೊಂಡ ಗಡಿ. ಕಣ್ಣಿನ ಪೊರೆಯದೋ ಬೇರೆಯದೋ ಆಪರೇಷನ್ ಗೊತ್ತಾಗಿದ್ದರೆ ಎರಡು ವಾರ ಮೊದಲೇ ಬಿಡಬೇಕು.

ಕಷಾಯ ಇಲ್ಲದ ಈ ತಿಂಗಳು ಮೊಣಕಾಲನ್ನು ಸುಮ್ಮನೆ ಬಿಡಬೇಡಿ. ಔಡಲ ಎಲೆಗೆ ಔಡಲೆಣ್ಣೆ ಸವರಿ, ಹಂಚಿನ ಮೇಲೆ ಬಾಡಿಸಿ ಮಂಡಿಗೆ ಸುತ್ತಿ ಬಟ್ಟೆ ಕಟ್ಟಿ, ರಾತ್ರಿ ಅರ್ಧ ಗಂಟೆ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಸ್ಪರ್ಶ ಮಂದವಾಗಿರಬಹುದು, ಸುಟ್ಟರೂ ಗೊತ್ತಾಗದೆ ಹೋದೀತು. ಎಲೆಯ ಬಿಸಿಯನ್ನು ನಿಮ್ಮ ಮುಂಗೈಗೆ ಹಿಡಿದು ನೋಡಿಯೇ ಕಟ್ಟಬೇಕು. ಕುರ್ಚಿಯಲ್ಲಿ ಕೂಡಿಸಿ ಒಂದು ಕಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿ ಹತ್ತು ಎಣಿಸುವವರೆಗೆ ಹಿಡಿಯಲು ಹೇಳಿ, ಆಮೇಲೆ ಇಳಿಸಲಿ, ಹೀಗೆ ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ತೊಡೆಯ ಸ್ನಾಯು ಗಟ್ಟಿಯಾದಂತೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ನೆಲಕ್ಕೆ ಕೂತು ರೊಟ್ಟಿ ಬಡಿಯುವುದನ್ನು ಈಗ ನೀವೇ ವಹಿಸಿಕೊಳ್ಳಿ, ಅವರಿಗೆ ಎತ್ತರದ ಕಟ್ಟೆಯ ಕೆಲಸ ಕೊಡಿ.

ಲಿವರ್ ಪರೀಕ್ಷೆಯ ಚೀಟಿ, ನಡುಕ ಬಂದಾಗಿನ ಸಕ್ಕರೆ ಎಷ್ಟಿತ್ತು, ನೀರಿನ ಫ್ಲೋರೈಡ್ ಎಷ್ಟು ಬಂತು, ಈ ಮೂರನ್ನು ಬರೆದು ಕಳಿಸಿ. ಅವನ್ನು ನೋಡದೆ ಅತ್ತೆಯವರಿಗೆ ಕಷಾಯ ಮತ್ತೆ ಹಿಡಿಸಬೇಡಿ.